ರೆಪ್ಪೆ ಮೇಲಿನ ಕೆಂಪು ಮಚ್ಚೆ: ಇದೊಂದಕ್ಕೆ ಕಾಯಬೇಡಿ

ಮಗು ಹುಟ್ಟಿ ಎರಡು-ಮೂರು ವಾರ ಆಗಿರುತ್ತೆ. ರೆಪ್ಪೆ ಮೇಲೆ ಸೊಳ್ಳೆ ಕಚ್ಚಿದಷ್ಟು ಕೆಂಪು ಚುಕ್ಕಿ. ನಮ್ಮ ಮಲ್ಲಂದೂರು ಕಡೆ ಉತ್ತರ ಮನೆಯಲ್ಲೇ ರೆಡಿ: "ಗ್ರಹಣದ ಮಚ್ಚೆ ಮಾರಾಯ್ತಿ, ದೊಡ್ಡವಳಾದಂಗೆ ಹೋಗುತ್ತೆ."

ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. 'ಹೋಗುತ್ತೆ' ಅನ್ನೋದು ಮಾತ್ರ ನಿಜ. ಇದರ ಹೆಸರು ಹೆಮಾಂಜಿಯೋಮಾ. ರಕ್ತನಾಳಗಳು ಸೇರಿ ಆಗುವ ಗಂಟು, ಕ್ಯಾನ್ಸರ್ ಅಲ್ಲ. ಮೊದಲ ತಿಂಗಳುಗಳಲ್ಲಿ ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕರಗುತ್ತೆ. ಬೆನ್ನಲ್ಲೋ ತೊಡೆಯಲ್ಲೋ ಚಿಕ್ಕದಾಗಿ ಇದ್ದರೆ ಸಾಮಾನ್ಯವಾಗಿ ಸುಮ್ಮನೆ ಗಮನಿಸಿದರೆ ಸಾಕು.

ರೆಪ್ಪೆ ಮೇಲಾದರೆ ಲೆಕ್ಕವೇ ಬೇರೆ. ನೋಡೋದನ್ನು ಮೆದುಳು ಕಲಿಯೋದು ಎಳೆತನದಲ್ಲಿ. ಗಂಟಿನ ಭಾರಕ್ಕೆ ರೆಪ್ಪೆ ಜೋತುಬಿದ್ದು ಪಾಪೆ ಮುಚ್ಚಿದರೆ, ಮೆದುಳು ಆ ಕಣ್ಣನ್ನು ಬಿಟ್ಟು ಇನ್ನೊಂದನ್ನೇ ನಂಬುತ್ತೆ. ಪಾಪೆ ಮುಚ್ಚದಿದ್ದರೂ ಗಂಟು ಒತ್ತಿ ಒತ್ತಿ ಮೆತ್ತನೆಯ ಕಾರ್ನಿಯಾದ ಆಕಾರ ಕೆಡಿಸಬಹುದು. ಆಗ ಆ ಕಣ್ಣಿಗೆ ಎಲ್ಲವೂ ಮಸುಕು. ಮುಂದೆ ಮಚ್ಚೆ ಕರಗಿದರೂ ಮಂದದೃಷ್ಟಿ ಉಳಿದುಬಿಡಬಹುದು.

ಗಂಟು ಅತಿ ವೇಗವಾಗಿ ಬೆಳೆಯೋದು 5ರಿಂದ 7ನೇ ವಾರದಲ್ಲಿ. ನಮ್ಮಲ್ಲಿ ಆಗ ಬಾಣಂತನ. ಹೊರಗೆ ಮಳೆ ಬೇರೆ. ಅಮ್ಮ-ಮಗು ಹೊಸ್ತಿಲು ದಾಟುವ ಹಾಗಿಲ್ಲ! ಆದರೆ ಒಂದು ತಿಂಗಳೊಳಗೇ ತಜ್ಞರಿಗೆ ತೋರಿಸೋದು ಒಳ್ಳೆಯದು ಅನ್ನುತ್ತೆ ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಹಲವು ಸಲ ಮನೆಗೇ ಬರುತ್ತಾರೆ, ಅವರಿಗೆ ತೋರಿಸಿ. ವಾರಕ್ಕೊಮ್ಮೆ ಒಂದೇ ಬೆಳಕಲ್ಲಿ ಫೋಟೋ ತೆಗೆದಿಡಿ. ಚಿಕ್ಕಮಗಳೂರಿನ ಮಕ್ಕಳ ಡಾಕ್ಟರಿಗೆ ತೋರಿಸಿ, ಮಕ್ಕಳ ಕಣ್ಣಿನ ತಜ್ಞರಿಗೆ ಚೀಟಿ ಕೇಳಿ. ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ಬೆಂಗಳೂರಲ್ಲಿ ಮಿಂಟೋ ಇದೆ.

ಔಷಧದ ಕಥೆ ಸ್ವಾರಸ್ಯವಾಗಿದೆ. ಮೊದಲೆಲ್ಲ ಸ್ಟೀರಾಯ್ಡ್ ಕೊಡುತ್ತಿದ್ದರು. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಹೆಮಾಂಜಿಯೋಮಾ ಇದ್ದ ಮಗುವೊಂದಕ್ಕೆ ಆ ಸ್ಟೀರಾಯ್ಡ್‌ನಿಂದಲೇ ಹೃದಯದ ತೊಂದರೆ ಆಯಿತು. ಹೃದಯಕ್ಕೆಂದು ಪ್ರೊಪ್ರಾನೊಲಾಲ್ ಕೊಟ್ಟರೆ, ಮಾರನೇ ದಿನವೇ ಗಂಟಿನ ಬಣ್ಣ ಬದಲಾಗಿ ಅದು ಮೆತ್ತಗಾಯಿತು. ಡಾ. ಕ್ರಿಸ್ಟೀನ್ ಲಿಯೋಟೆ-ಲಾಬ್ರೆಜ್ ತಂಡ 2008ರಲ್ಲಿ ಇದನ್ನು ಪ್ರಕಟಿಸಿತು. 2014ರಲ್ಲಿ ಅಮೆರಿಕ ಇದರ ದ್ರವರೂಪವನ್ನು ಶಿಶುಗಳಿಗೆ ಒಪ್ಪಿತು. ಗಂಟು ಚಿಕ್ಕದಾಗಿ, ತೆಳ್ಳಗಿದ್ದರೆ ಕೆಲವೊಮ್ಮೆ ಟಿಮೊಲಾಲ್ ಹನಿ ಹಚ್ಚಿಸುತ್ತಾರೆ.

ಹಾಗಂತ ಅಜ್ಜನ ಬಿಪಿ ಮಾತ್ರೆ ಮುರಿದು ಕೊಡೋದಲ್ಲ. ಡೋಸ್ ಮಗುವಿನ ತೂಕದ ಮೇಲೆ. ಎದೆಬಡಿತ, ಉಸಿರಾಟ ನೋಡಿಯೇ ಶುರು ಮಾಡುತ್ತಾರೆ. ರಕ್ತದ ಸಕ್ಕರೆ ಇಳಿಯುವ ಅಪಾಯ ಇರೋದರಿಂದ ಹಾಲು ಕುಡಿಸುತ್ತಲೋ ಕುಡಿಸಿದ ಕೂಡಲೇನೋ ಕೊಡಬೇಕು. ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ ಆ ಹೊತ್ತಿನದು ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ಕೋರ್ಸ್ ಸಾಮಾನ್ಯವಾಗಿ ಆರು ತಿಂಗಳಾದರೂ ಇರುತ್ತೆ.

ಗಂಟು ಕುಗ್ಗಿದ ಮೇಲೂ ಕಣ್ಣಿನ ಪವರ್ ನೋಡಿಸುತ್ತಿರಬೇಕು. ಕೆಲವರಿಗೆ ಪುಟಾಣಿ ಕನ್ನಡಕ, ಕೆಲವರಿಗೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಅಂತ ಪಟ್ಟಿ. ಮಗು ಅಳುತ್ತೆ, ಕಿತ್ತು ಬಿಸಾಕುತ್ತೆ. ಮತ್ತೆ ಅಂಟಿಸಬೇಕು.