ಮೀಟರಿನ ಕೆಂಪು ದೀಪ ಏನು ಹೇಳುತ್ತದೆ?

ಗೆಳೆಯರೇ, ನಿಮ್ಮ ಮನೆ ಗೋಡೆಯಲ್ಲಿರುವ ಕರೆಂಟ್ ಮೀಟರನ್ನು ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ನಾನೂ ನೋಡಿರಲಿಲ್ಲ. ಹೋದ ಮಳೆಗಾಲದಲ್ಲಿ ಬಂದ ಒಂದು ಬಿಲ್ಲಿನಿಂದಾಗಿ ನೋಡುವ ಹಾಗಾಯಿತು.

ನಮ್ಮ ಮನೆಗೆ ತಿಂಗಳಿಗೆ ಸುಮಾರು 145 ಯೂನಿಟ್ ಕರೆಂಟ್ ಬೇಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಾವು ದುಡ್ಡು ಕಟ್ಟುತ್ತಿರಲಿಲ್ಲ. ಆದರೆ ಆ ತಿಂಗಳು 205 ಯೂನಿಟ್ ಅಂತ ಬಂತು. 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅಜ್ಜಿ, "ಮೀಟರಿಗೆ ಮರುಳು ಹಿಡಿದಿದೆ. ಇನ್ನು ಆ ಸ್ಮಾರ್ಟ್ ಮೀಟರ್ ಬೇರೆ ಬಂದ್ರೆ ದೇವ್ರೇ ಗತಿ" ಅಂದರು. ಅಪ್ಪಯ್ಯನಿಗೆ ಫ್ರಿಜ್ಜಿನ ಮೇಲೆ ಅನುಮಾನ. ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನಗುತ್ತಾ, "ಮೀಟರನ್ನೇ ಕೇಳು, ಅದೇ ಹೇಳುತ್ತೆ" ಅಂದರು.

ಯೂನಿಟ್ ಅಂದರೇನು?

1000 ವ್ಯಾಟಿನ ಸಾಮಾನು ಒಂದು ಗಂಟೆ ಉರಿದರೆ ಒಂದು ಯೂನಿಟ್. 100 ವ್ಯಾಟಿನ ಹಳೇ ಬಲ್ಬು 10 ಗಂಟೆ ಉರಿದರೂ ಒಂದು ಯೂನಿಟ್ಟೇ. 9 ವ್ಯಾಟಿನ ಎಲ್‌ಇಡಿ ಬಲ್ಬಾದರೆ 111 ಗಂಟೆ ಉರಿಯಬೇಕು!

ಹಿಂದಿನ ಮೀಟರಿನೊಳಗೆ ಒಂದು ಲೋಹದ ತಟ್ಟೆ ತಿರುಗುತ್ತಿತ್ತು. ಕರೆಂಟ್ ಹೆಚ್ಚು ಎಳೆದರೆ ತಟ್ಟೆ ಜೋರಾಗಿ ತಿರುಗುತ್ತಿತ್ತು. ಈಗಿನ ಮೀಟರಿನಲ್ಲಿ ತಟ್ಟೆ ಇಲ್ಲ, ಒಂದು ಕೆಂಪು ದೀಪ ಮಿಣುಕುತ್ತದೆ. ಎಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಮೀಟರಿನ ಮುಖದ ಮೇಲೇ ಬರೆದಿರುತ್ತದೆ. ನಮ್ಮ ಮೀಟರಿನಲ್ಲಿ 3200 ಅಂತ ಇದೆ.

ನಾವು ಮಾಡಿದ ಪರೀಕ್ಷೆ

ಒಂದು ಭಾನುವಾರ ಮನೆಯ ಎಲ್ಲ ಸ್ವಿಚ್ ಆರಿಸಿದೆವು. ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದೆವು. ಕೆಂಪು ದೀಪ ಮಿಣುಕುವುದು ನಿಂತಿತು. ಅಂದರೆ ನಾವು ಉಪಯೋಗಿಸದೆ ಇದ್ದಾಗ ಮೀಟರ್ ಸುಮ್ಮನೆ ಓಡುತ್ತಿರಲಿಲ್ಲ. ಆಮೇಲೆ ಒಂದೇ ಒಂದು ಎಲ್‌ಇಡಿ ಬಲ್ಬು ಹಾಕಿದೆವು. ಎರಡು ನಿಮಿಷಕ್ಕೆ ಒಂದು ಸಲ ಮಿಣುಕಿತು. ಅದನ್ನು ಆರಿಸಿ, ಬಚ್ಚಲಲ್ಲಿ ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ ಹಾಕಿದೆವು. ಅಬ್ಬಾ! 15 ಸೆಕೆಂಡಿಗೆ 20 ಸಲ! ಅಂದರೆ ನಿಮಿಷಕ್ಕೆ 80. ಹಾಗಾದರೆ 3200 ಆಗಲು 40 ನಿಮಿಷ ಸಾಕು. 40 ನಿಮಿಷಕ್ಕೆ ಒಂದು ಯೂನಿಟ್!

ಆಗ ವಿಷಯ ತಿಳಿಯಿತು. ಆ ವರ್ಷ ಸೌದೆಯೆಲ್ಲ ಒದ್ದೆಯಾಗಿ ಬಚ್ಚಲ ಒಲೆ ಹತ್ತುತ್ತಿರಲಿಲ್ಲ. ಐದು ಜನರ ಸ್ನಾನಕ್ಕೆ ದಿನಾ 80 ನಿಮಿಷ ಕಾಯಿಲ್ ಹಾಕುತ್ತಿದ್ದೆವು. ದಿನಕ್ಕೆ 2 ಯೂನಿಟ್, ತಿಂಗಳಿಗೆ 60. 145ಕ್ಕೆ 60 ಕೂಡಿಸಿ ನೋಡಿ. ಸರಿಯಾಗಿ 205! ಮೀಟರಿಗೆ ಮರುಳು ಹಿಡಿದಿರಲಿಲ್ಲ.

ಸ್ಮಾರ್ಟ್ ಮೀಟರ್ ಅಂದರೆ?

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕರೆಂಟ್ ಕೊಡುವುದು ಮೆಸ್ಕಾಂ. ರಾಜ್ಯದಲ್ಲಿ 2025ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಹಾಕಲು ಶುರುವಾಯಿತು. ಅದರ ಬೆಲೆಯ ಬಗ್ಗೆ ದೊಡ್ಡ ಚರ್ಚೆಯೂ ನಡೆಯಿತು.

ಈ ಮೀಟರ್ ಲೆಕ್ಕ ಮಾಡುವುದು ಅದೇ ಯೂನಿಟ್ಟನ್ನು. ವ್ಯತ್ಯಾಸ ಇಷ್ಟೇ: ಲೆಕ್ಕವನ್ನು ತಾನೇ ಮೊಬೈಲ್ ನೆಟ್‌ವರ್ಕ್ ಅಥವಾ ರೇಡಿಯೋ ಅಲೆಯ ಮೂಲಕ ಕಚೇರಿಗೆ ಕಳಿಸುತ್ತದೆ. ಯಾವ ಹೊತ್ತಿನಲ್ಲಿ ಎಷ್ಟು ಖರ್ಚಾಯಿತು ಅಂತಲೂ ಬರೆದಿಟ್ಟುಕೊಳ್ಳುತ್ತದೆ. ನಮ್ಮ ಗುಡ್ಡಗಳ ನಡುವೆ ನೆಟ್‌ವರ್ಕ್ ಸಿಗದಿದ್ದರೆ? ಲೆಕ್ಕ ಅಳಿಸಿ ಹೋಗುವುದಿಲ್ಲ. ಮೀಟರಿನಲ್ಲೇ ಉಳಿದು, ಸಿಕ್ಕಾಗ ಹೋಗುತ್ತದೆ. ಕಚೇರಿಯಿಂದಲೇ ಸಂಪರ್ಕ ಕಡಿಯಲು, ಮತ್ತೆ ಕೊಡಲು ಬರುತ್ತದೆ. ಮೊದಲೇ ದುಡ್ಡು ತುಂಬಿಸುವ ಹಾಗೂ ಮಾಡಬಹುದು, ತಿಂಗಳ ಕೊನೆಗೆ ಬಿಲ್ ಬರುವ ಹಾಗೂ ಮಾಡಬಹುದು. ಕರೆಂಟ್ ಹೋದರೆ "ಇಲ್ಲಿ ಇಲ್ಲ" ಎಂದು ತಿಳಿಸುವ ಮೀಟರುಗಳೂ ಇವೆ. ಆದರೆ ಲೈನಿನ ಮೇಲೆ ಬಿದ್ದ ಮರ ಕಡಿಯಲು ಲೈನ್‌ಮ್ಯಾನ್ ಅಣ್ಣನೇ ಮಳೆಯಲ್ಲಿ ಬರಬೇಕು!

ಹಾಗಾದರೆ ಕೆಲವರಿಗೆ ಹೊಸ ಮೀಟರ್ ಬಂದ ಮೇಲೆ ಬಿಲ್ ಯಾಕೆ ಹೆಚ್ಚುತ್ತದೆ? ತಟ್ಟೆಯ ಮೀಟರ್ ಸವೆದು ನಿಧಾನವಾಗಿ ಓಡುತ್ತಿದ್ದಿರಬಹುದು. ಹೊಸತು ಸಣ್ಣ ಖರ್ಚನ್ನೂ ಬಿಡುವುದಿಲ್ಲ. ಆದರೂ ಯಂತ್ರ ತಪ್ಪೇ ಮಾಡುವುದಿಲ್ಲ ಅಂತ ನಂಬಿ ಕೂರಬಾರದು. ಅನುಮಾನ ಬಂದರೆ ಮೀಟರ್ ಪರೀಕ್ಷೆ ಮಾಡಿಸಿ ಎಂದು ಅರ್ಜಿ ಕೊಡಬಹುದು. ಆಗ ನಾವು ಬರೆದಿಟ್ಟ ಲೆಕ್ಕ ನಮ್ಮ ಕೈಯಲ್ಲಿರಬೇಕು.

ನಿಮಗೊಂದು ಕೆಲಸ: ಪ್ರತಿ ಭಾನುವಾರ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ತಿಂಗಳ ಬಿಲ್ಲಿಗೆ ಹೋಲಿಸಿ. ದೂರದಿಂದ ನೋಡಿ ಸಾಕು, ಮೀಟರನ್ನೂ ವೈರನ್ನೂ ಮುಟ್ಟಬೇಡಿ. ಕಾಯಿಲ್ ಹಾಕಿದಾಗ ಸ್ವಿಚ್ ಆರಿಸದೆ ನೀರಿಗೆ ಕೈ ಹಾಕಲೇಬೇಡಿ.

ನಮ್ಮ ಮನೆಯಲ್ಲಿ ಈಗ ಅಂಕಿ ಬರೆಯುವವರು ಅಜ್ಜಿ. ಈ ಸಲ ಬೇಸಿಗೆಯಲ್ಲೇ ಸೌದೆ ಒಳಗೆ ಹಾಕಿಸಿದ್ದೂ ಅವರೇ.

– 9ನೇ ತರಗತಿಯ ವಿದ್ಯಾರ್ಥಿನಿ