ಯೂನಾ ಎರಡನೇ ಸಲ ಹೊರಟಾಗ

ಪ್ರತಿ ಆಟಕ್ಕೂ ಹೊಸ ಲೋಕ, ಹೊಸ ಜನ. ಇದು ಫೈನಲ್ ಫ್ಯಾಂಟಸಿ ವಿಡಿಯೊ ಗೇಮ್ ಸರಣಿಯ ಹಳೆಯ ವಾಡಿಕೆ. 2003ರಲ್ಲಿ ಅದು ಮುರಿಯಿತು. ಅಂದು ಅಭಿಮಾನಿಗಳ ನಡುವೆ ಹುಟ್ಟಿದ ಜಗಳ ಇವತ್ತಿಗೂ ಬಗೆಹರಿದಿಲ್ಲ.

ಲೂಕಾ ಪಟ್ಟಣದ ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಬಣ್ಣದ ದೀಪಗಳ ನಡುವೆ ಒಬ್ಬ ಹುಡುಗಿ ಮೈಕು ಹಿಡಿದು ಕುಣಿಯುತ್ತಿದ್ದಾಳೆ. ಹಾಡು ಅಪ್ಪಟ ಜಪಾನಿ ಪಾಪ್, ದನಿ ಕೋಡಾ ಕುಮಿಯದು. ಕ್ಯಾಮೆರಾ ಹತ್ತಿರ ಹೋದಾಗ ಗೊತ್ತಾಗುತ್ತದೆ, ಅವಳು ಯೂನಾ. ಹಿಂದಿನ ಆಟದಲ್ಲಿ ಉದ್ದ ತೋಳಿನ, ಕಿಮೋನೊದಂಥ ಉಡುಪು ತೊಟ್ಟು, ಸತ್ತವರನ್ನು ಪರಲೋಕಕ್ಕೆ ಕಳಿಸಲು ನೀರಿನ ಮೇಲೆ ನರ್ತಿಸಿದ್ದ ಯೂನಾ. ಊರೂರಿನ ಜನರಿಗಾಗಿ ಸಾಯಲು ಒಪ್ಪಿಕೊಂಡಿದ್ದ ಯೂನಾ. ಸ್ವಲ್ಪ ಹೊತ್ತಿನಲ್ಲೇ ವೇದಿಕೆಯ ಮೇಲಿರುವವಳು ನಕಲಿ ಎಂದು ತಿಳಿಯುತ್ತದೆ. ಅಸಲಿ ಯೂನಾ ಚೋಟುದ್ದದ ಚಡ್ಡಿ ತೊಟ್ಟು, ಎರಡು ಪಿಸ್ತೂಲು ಹಿಡಿದು ಬರುತ್ತಾಳೆ. ಅದರಿಂದ ನೋಡುವವರ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು.

2003ರ ಮಾರ್ಚ್ 13ರಂದು ಜಪಾನಿನಲ್ಲಿ ಬಿಡುಗಡೆಯಾದ ‘ಫೈನಲ್ ಫ್ಯಾಂಟಸಿ ಟೆನ್-ಟು’ ಶುರುವಾಗುವುದು ಹೀಗೆ. ಅಂಕೆ ಹೊತ್ತ ಫೈನಲ್ ಫ್ಯಾಂಟಸಿ ಆಟವೊಂದರ ಕಥೆಯನ್ನು ಮತ್ತೊಂದು ಆಟ ನೇರವಾಗಿ ಮುಂದುವರಿಸಿದ್ದು ಅದೇ ಮೊದಲು.

ಒಂದೇ ಹೆಸರು, ಬೇರೆ ಬೇರೆ ಊರು

ಆ ಸಿಟ್ಟು ಅರ್ಥವಾಗಬೇಕಾದರೆ ಸರಣಿಯ ಜಾಯಮಾನ ಗೊತ್ತಿರಬೇಕು. ಹಿರೋನೊಬು ಸಕಾಗುಚಿಯ ಮುಂದಾಳತ್ವದಲ್ಲಿ ಸ್ಕ್ವೇರ್ ಕಂಪನಿ ಮೊದಲ ಫೈನಲ್ ಫ್ಯಾಂಟಸಿಯನ್ನು ಹೊರತಂದದ್ದು 1987ರ ಡಿಸೆಂಬರಿನಲ್ಲಿ. ಮರುವರ್ಷವೇ ಎರಡನೆಯದು ಬಂತು. ಅದರಲ್ಲಿ ಮೊದಲನೆಯದರ ನಾಯಕರಿಲ್ಲ, ಊರುಗಳಿಲ್ಲ, ಭೂಪಟವೇ ಬೇರೆ. ಆ ಕಾಲಕ್ಕೆ ಇದು ಸಾಮಾನ್ಯ ನಡೆಯೇನೂ ಅಲ್ಲ. ಎದುರಾಳಿ ಡ್ರ್ಯಾಗನ್ ಕ್ವೆಸ್ಟ್ ತನ್ನ ಮೊದಲ ಮೂರು ಆಟಗಳನ್ನು ಒಬ್ಬನೇ ವೀರನ ವಂಶದ ಕಥೆಯಾಗಿ ಹೆಣೆಯಿತು. ಸ್ಕ್ವೇರ್ ಮಾತ್ರ ಪ್ರತಿ ಸಲವೂ ಪಾಟಿ ಒರೆಸಿ ಬರೆಯಿತು.

ಹಾಗಾದರೆ ಒಂದೇ ಹೆಸರು ಯಾಕೆ? ಮೈತುಂಬ ಹಳದಿ ಗರಿ ಹೊದ್ದ ಚೊಕೊಬೊ ಹಕ್ಕಿ, ತಲೆಯ ಮೇಲೆ ಗೊಂಡೆ ಹೊತ್ತ ಮೂಗಲ್, ಆಕಾಶದಲ್ಲಿ ಹಾರುವ ಹಡಗು, ಎಲ್ಲೋ ಒಂದು ಕಡೆ ಸಿಡ್ ಎಂಬ ಹೆಸರಿನವನೊಬ್ಬ, ಯೋಶಿತಾಕಾ ಅಮಾನೊ ಬರೆದ ತೆಳುಗೆರೆಯ ಲಾಂಛನ. ನಂಟು ಇಷ್ಟೇ. ಉಳಿದದ್ದೆಲ್ಲ ಹೊಸದು. ಏಳನೆಯ ಆಟದ ಹೊಗೆಯಾಡುವ ಮಿಡ್‌ಗಾರ್ ನಗರ ಮೆಚ್ಚಿದವನು ಒಂಬತ್ತನೆಯ ಆಟದ ಅಜ್ಜಿಕಥೆಯಂಥ ಲೋಕವನ್ನು ಒಪ್ಪದೆ ಇರಬಹುದು. ಆದರೆ ಮೆಚ್ಚಿದ ಊರಿಗೆ ಯಾರೂ ಮತ್ತೆ ಬಂದು ಕೈಹಚ್ಚುವುದಿಲ್ಲ ಎಂಬ ನಂಬಿಕೆಯಂತೂ ಅವನಿಗಿತ್ತು. (ಐದನೆಯ ಆಟದ ಲೋಕವನ್ನು ಇಟ್ಟುಕೊಂಡು 1994ರಲ್ಲೇ ನಾಲ್ಕು ಕಂತಿನ ಅನಿಮೆ ಬಂದಿತ್ತು. ಇನ್ನೂರು ವರ್ಷಗಳ ನಂತರದ ಕಥೆ. ಪಾಪ, ಅದನ್ನು ಲೆಕ್ಕಕ್ಕೆ ಹಿಡಿಯುವವರೇ ಇಲ್ಲ.)

ಹತ್ತನೆಯ ಆಟ 2001ರ ಜುಲೈನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ಪಾತ್ರಗಳು ಬಾಯಿಬಿಟ್ಟು ಮಾತಾಡಿದ ಮೊದಲ ಫೈನಲ್ ಫ್ಯಾಂಟಸಿ ಅದು. ಸ್ಪೈರಾ ಎಂಬ ಲೋಕ. ಅಲ್ಲಿ ‘ಸಿನ್’ ಎಂಬ ಭೂತಾಕಾರದ ಪ್ರಾಣಿ ಸಮುದ್ರದಿಂದೆದ್ದು ಬಂದು ಊರುಗಳನ್ನು ನುಂಗುತ್ತದೆ. ಅದನ್ನು ಕೊಲ್ಲಲು ಒಬ್ಬ ಆವಾಹಕಿ ತೀರ್ಥಯಾತ್ರೆ ಹೊರಟು, ಪಾಳುಬಿದ್ದ ಜನಾರ್ಕಂಡ್ ತಲುಪಿ, ಕೊನೆಯ ಶಕ್ತಿಯನ್ನು ಪಡೆದು, ತಾನೂ ಸಾಯಬೇಕು. ಆಮೇಲೆ ಕೆಲವು ವರ್ಷ ನೆಮ್ಮದಿ. ಮತ್ತೆ ಸಿನ್ ಹುಟ್ಟುತ್ತದೆ, ಮತ್ತೊಬ್ಬಳು ಹೊರಡುತ್ತಾಳೆ. ಈ ಚಕ್ರವನ್ನೇ ಧರ್ಮವೆಂದು ಸಾರುತ್ತ ಬಂದ ದೇವಾಲಯದ ಸುಳ್ಳನ್ನು ಯೂನಾ ಮತ್ತು ಸಂಗಡಿಗರು ಒಡೆಯುತ್ತಾರೆ. ಸಿನ್ ಶಾಶ್ವತವಾಗಿ ಅಳಿಯುತ್ತದೆ. ಅದಕ್ಕೆ ತೆರುವ ಬೆಲೆ ಟೀಡಸ್. ಅವಳು ಪ್ರೀತಿಸಿದ ಆ ಹುಡುಗ ಸಾವಿರ ವರ್ಷ ಹಳೆಯ ಕನಸೊಂದರ ತುಣುಕು. ಕನಸು ಕಾಣುವವರು ಕಣ್ಣು ಬಿಟ್ಟರೆ ಅವನಿಲ್ಲ. ಹಡಗಿನ ಅಟ್ಟದ ಮೇಲೆ ಯೂನಾ ಅವನನ್ನು ತಬ್ಬಿಕೊಳ್ಳಲು ಓಡುತ್ತಾಳೆ, ಅವನ ಮೈಯೊಳಗಿಂದಲೇ ಹಾದು ಆಚೆಗೆ ಬೀಳುತ್ತಾಳೆ.

ಹೀಗೆ ಮುಗಿದ ಕಥೆಯನ್ನು ಮತ್ತೆ ತೆರೆಯುವುದಾದರೂ ಯಾಕೆ?

ದುಡ್ಡಿನ ಮಾತು

‘ದುಡ್ಡಿಗೆ’ ಎನ್ನುತ್ತದೆ ಒಂದು ಬಣ. ಸುಳ್ಳೇನಲ್ಲ. ಹತ್ತನೆಯ ಆಟ ಬಂದ ತಿಂಗಳಲ್ಲೇ ಸಕಾಗುಚಿಯ ಮಹತ್ವಾಕಾಂಕ್ಷೆಯ ಸಿನಿಮಾ ‘ದಿ ಸ್ಪಿರಿಟ್ಸ್ ವಿದಿನ್’ ತೆರೆಕಂಡು ನೆಲಕಚ್ಚಿತು. ಕಂಪನಿ ತನ್ನ ಸಿನಿಮಾ ವಿಭಾಗವನ್ನೇ ಮುಚ್ಚಿತು. 2003ರ ಏಪ್ರಿಲ್ 1ರಂದು ಸ್ಕ್ವೇರ್, ಡ್ರ್ಯಾಗನ್ ಕ್ವೆಸ್ಟಿನ ಎನಿಕ್ಸ್ ಜತೆ ವಿಲೀನವಾಯಿತು. ಟೆನ್-ಟು ಅಂಗಡಿಗೆ ಬಂದದ್ದು ಅದಕ್ಕಿಂತ ಮೂರು ವಾರಕ್ಕೂ ಕಡಿಮೆ ಸಮಯದ ಮೊದಲು. ಸ್ಪೈರಾದ ಊರು, ದಾರಿ, ಗಿಡಮರ, ಜನರ ಮಾದರಿಗಳೆಲ್ಲ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇದ್ದವು. ಬಹುಪಾಲನ್ನು ಹಾಗೇ ಎತ್ತಿಕೊಂಡರು. ಹೊಸ ಲೋಕ ಕಟ್ಟುವ ಖರ್ಚು ಉಳಿಯಿತು.

ಆದರೆ ಬೇಡಿಕೆ ಅಭಿಮಾನಿಗಳಿಂದಲೇ ಬಂದಿತ್ತು ಎಂಬುದನ್ನು ಬೈಯುವವರು ಮರೆಯುತ್ತಾರೆ. ಹತ್ತನೆಯ ಆಟದ ‘ಇಂಟರ್‌ನ್ಯಾಷನಲ್’ ಆವೃತ್ತಿಯ ಜತೆ ‘ಎಟರ್ನಲ್ ಕಾಮ್’ ಎಂಬ ಪುಟ್ಟ ವಿಡಿಯೊ ಕೊಟ್ಟರು. ಯುದ್ಧ ಮುಗಿದು ಎರಡು ವರ್ಷವಾಗಿದೆ. ಯೂನಾ ತನ್ನ ಹಳ್ಳಿಯಲ್ಲಿ ಬಂದವರ ಅಹವಾಲು ಕೇಳುತ್ತ, ನಗುತ್ತ, ಒಳಗೊಳಗೇ ಬೇಸರಪಡುತ್ತ ಕೂತಿದ್ದಾಳೆ. ಗೆಳತಿ ರಿಕ್ಕು ಒಂದು ದೃಶ್ಯಗೋಳ ತಂದು ತೋರಿಸುತ್ತಾಳೆ. ಅದರಲ್ಲಿರುವವನು ಟೀಡಸನ ಹಾಗೇ ಕಾಣುತ್ತಾನೆ. ವಿಡಿಯೊ ಅಲ್ಲಿಗೆ ನಿಂತರೆ ಯಾರು ಸುಮ್ಮನಿರುತ್ತಾರೆ? ಜನ ಕೇಳಿದರು, ಕಂಪನಿ ಕೊಟ್ಟಿತು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು, ಅಷ್ಟೇ. ಆದರೂ ಕಾಲಕ್ರಮದಲ್ಲಿ 50 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದವು.

ಪುಣ್ಯಕ್ಷೇತ್ರದಲ್ಲಿ ಕೋತಿಗಳು

ನನ್ನ ಮಟ್ಟಿಗೆ ಇಡೀ ಜಗಳವನ್ನು ತೂಗಿ ನೋಡಬೇಕಾದ ಜಾಗ ಜನಾರ್ಕಂಡ್. ಹತ್ತನೆಯ ಆಟದಲ್ಲಿ ಅದು ಯಾತ್ರೆಯ ಕೊನೆ. ಸಂಜೆಗೆಂಪಿನಲ್ಲಿ ಸಂಗಡಿಗರು ಬೆಂಕಿಯ ಸುತ್ತ ಮಾತಿಲ್ಲದೆ ಕೂತಿರುವ ದೃಶ್ಯದಿಂದಲೇ ಆಟ ಶುರುವಾಗುತ್ತದೆ. ಟೆನ್-ಟುನಲ್ಲಿ ಅದೇ ಜಾಗ ಪ್ರವಾಸಿ ತಾಣವಾಗಿದೆ! ಹಿಂದೆ ತಾನೂ ಆವಾಹಕನಾಗಿ ಸಾಯಲು ಹೊರಟಿದ್ದ ಇಸಾರು ಈಗ ಅಲ್ಲಿ ಗೈಡು. ಗುಂಪು ಕಟ್ಟಿಕೊಂಡು ಬಂದವರಿಗೆ ಪಾಳು ಮಂಟಪಗಳ ಕಥೆ ಹೇಳುತ್ತಾನೆ. ಕೋತಿಗಳು ಬೇರೆ. ಜನರನ್ನು ಓಡಿಸಿ ಜಾಗಕ್ಕೆ ಹಳೆಯ ಮೌನ ತರಬೇಕಾದರೆ ಯೂನಾ ಏನು ಮಾಡಬೇಕು ಗೊತ್ತೆ? ಕೋತಿಗೆ ಜೋಡಿ ಕೋತಿ ಹುಡುಕಿ ಮದುವೆ ಮಾಡಿಸಬೇಕು. ಸಂತಾನ ಹೆಚ್ಚಿದರೆ ಪ್ರವಾಸಿಗಳು ಕಾಲ್ಕೀಳುತ್ತಾರೆ.

ಇದನ್ನು ಕಂಡು ಕೈಯಲ್ಲಿದ್ದ ಕಂಟ್ರೋಲರ್ ಬಿಸಾಕಿದವರಿದ್ದಾರೆ. ನನಗೆ ಇಡೀ ಆಟದಲ್ಲಿ ಇದಕ್ಕಿಂತ ಸತ್ಯವಾದ ಭಾಗ ಇನ್ನೊಂದಿಲ್ಲ. ಭಯ ಹೋದ ಮೇಲೆ ಪುಣ್ಯಕ್ಷೇತ್ರಕ್ಕೆ ಟಿಕೆಟ್ಟು ಬರುತ್ತದೆ. ದೇವಾಲಯದ ಅಧಿಕಾರ ಕುಸಿದ ಮೇಲೆ ‘ನ್ಯೂ ಯೆವಾನ್’ ಎಂದು ಹೆಸರು ಬದಲಿಸಿಕೊಂಡ ಒಂದು ಪಕ್ಷ, ಹಳೆಯದೆಲ್ಲ ಬೇಡವೆನ್ನುವ ಯುವಕರ ಇನ್ನೊಂದು ದಂಡು, ಇಬ್ಬರ ಗೊಡವೆಯೂ ಬೇಡವೆಂದು ಯಂತ್ರ ಅಗೆಯುವ ಮೂರನೆಯವರು. ಲೋಕ ಉಳಿಸಿದವಳನ್ನು ತಮ್ಮ ಕಡೆ ಎಳೆದುಕೊಳ್ಳಲು ಎಲ್ಲರಿಗೂ ತವಕ. ರಾಕ್ಷಸ ಸತ್ತ ಮೇಲೆ ಊರಲ್ಲಿ ರಾಜಕೀಯ ಹುಟ್ಟುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಆಟಗಳು ಕಡಿಮೆ.

ಆ ಹಾಡು, ಆ ಬಟ್ಟೆ? ಹದಿನೇಳನೇ ವಯಸ್ಸಿಗೆ ಸಾಯುತ್ತೇನೆಂದೇ ಬೆಳೆದ ಹುಡುಗಿ ಅವಳು. ಯಾತ್ರೆಯ ಆಚೆಗೆ ಅವಳು ಯೋಚಿಸಿದ್ದೇ ಇಲ್ಲ. ಹತ್ತೊಂಬತ್ತಕ್ಕೆ ಇನ್ನೂ ಬದುಕಿದ್ದಾಳೆ. ಈಗ ಕುಣಿಯದೆ ಇನ್ಯಾವಾಗ ಕುಣಿಯಬೇಕು? ಯುದ್ಧದ ನಡುವೆಯೇ ಬಟ್ಟೆ ಬದಲಿಸಿ ಕತ್ತಿವೀರಳಾಗಿ, ಮಂತ್ರಗಾತಿಯಾಗಿ, ಕಳ್ಳಿಯಾಗಿ ಮಾರ್ಪಡುವ ‘ಡ್ರೆಸ್‌ಸ್ಫಿಯರ್’ ಪದ್ಧತಿ ಈ ಸರಣಿಯ ಅತಿ ಚುರುಕಾದ ಕಾಳಗಗಳಲ್ಲೊಂದು. ಕಥೆಯನ್ನು ದ್ವೇಷಿಸುವವರೂ ಇದನ್ನು ಒಪ್ಪುತ್ತಾರೆ. ಹಿಂದಿನ ಆಟಗಳಲ್ಲಿದ್ದ ನೊಬುಒ ಉಎಮಾತ್ಸುವಿನ ಸಂಗೀತ ಇಲ್ಲದ ಕೊರತೆಯನ್ನು ಮಾತ್ರ ನಾನೂ ಮುಚ್ಚಿಡಲಾರೆ. ಊರಿನ ರಾಗಗಳೇ ಬದಲಾಗಿ, ಹಳೆಯ ದಾರಿಯಲ್ಲಿ ನಡೆದರೂ ಹಳೆಯ ದಾರಿ ಅನ್ನಿಸುವುದಿಲ್ಲ.

ಎಡವಿದ್ದು ಕೊನೆಯಲ್ಲಿ. ಟೀಡಸ್ ಮರಳಿ ಬರುವ ಮುಕ್ತಾಯವೊಂದಿದೆ. ಅದು ಎಲ್ಲರಿಗೂ ಸಿಗುವುದಿಲ್ಲ. ಕಥೆಯ ನಡುವೆ ಒಂದು ಗೊತ್ತಾದ ಗಳಿಗೆಯಲ್ಲಿ, ಯಾರೂ ಹೇಳದೆ, ಗುಂಡಿ ಒತ್ತಿರಬೇಕು. ಅದರ ಮೇಲೆ ಶೇ 100ರಷ್ಟು ಆಟ ಪೂರೈಸಿದವರಿಗೆ ಮಾತ್ರ ಜನಾರ್ಕಂಡಿನಲ್ಲಿ ಇಬ್ಬರೂ ಮಾತಾಡುವ ಇನ್ನೊಂದು ದೃಶ್ಯ. ಯಾವುದೋ ಊರಲ್ಲಿ ಯಾರನ್ನೋ ಮಾತಾಡಿಸದೆ ಬಂದರೆ ಲೆಕ್ಕ ತಪ್ಪಿತು. ವಿರಹ ಮುಗಿಯಬೇಕೋ ಬೇಡವೋ ಎಂಬುದು ಕಥೆಗಾರ ತೀರ್ಮಾನಿಸಬೇಕಾದ ವಿಷಯ. ಅದನ್ನು ಹಾಜರಿ ಪುಸ್ತಕಕ್ಕೆ ಒಪ್ಪಿಸಿಬಿಟ್ಟರು.

ರಾಮಾಯಣ ಪಾರಾಯಣ ಮಾಡುವ ಎಷ್ಟೋ ಮನೆಗಳಲ್ಲಿ ಪಟ್ಟಾಭಿಷೇಕಕ್ಕೇ ಮಂಗಳ ಹಾಡುತ್ತಾರೆ. ಉತ್ತರಕಾಂಡ ಇದೆಯೆಂದು ಗೊತ್ತಿಲ್ಲದೆ ಅಲ್ಲ, ಸೀತೆಯನ್ನು ಮತ್ತೆ ಕಾಡಿಗೆ ಕಳಿಸಲು ಮನಸ್ಸಿಲ್ಲ. ಆದರೆ ಕವಿಗಳಿಗೆ, ಆಟ–ನಾಟಕದವರಿಗೆ ತಲೆತಲಾಂತರದಿಂದ ಕೆಲಸ ಕೊಟ್ಟಿರುವುದೂ ಆ ಕಾಂಡವೇ. ಟೆನ್-ಟು ಬೇಕೆನ್ನುವವರೂ ಬೇಡವೆನ್ನುವವರೂ ಈ ಎರಡು ಕಡೆಗಳಲ್ಲೇ ನಿಂತು ಕಿತ್ತಾಡುತ್ತಿದ್ದಾರೆ.

ಲೈಟ್ನಿಂಗ್ ಮತ್ತು ಉಳಿದವರು

ಬಾಗಿಲು ಒಮ್ಮೆ ತೆರೆದ ಮೇಲೆ ನುಗ್ಗಿದವರು ಬಹಳ. ಹನ್ನೆರಡನೆಯ ಆಟದ ವಾನ್ 2007ರಲ್ಲಿ ನಿಂಟೆಂಡೊ ಡಿಎಸ್‌ಗೆ ಹೋದ. 1991ರ ನಾಲ್ಕನೆಯ ಆಟದ ಸೆಸಿಲ್‌ಗೆ 2008ರಲ್ಲಿ, ಮೊಬೈಲಿನಲ್ಲಿ, ಬೆಳೆದ ಮಗನೊಬ್ಬ ಬಂದ. ಹೆಚ್ಚಿನವರು ನೋಡಿ ಮರೆತರು.

ಮರೆಯಲಾಗದ್ದು ಹದಿಮೂರನೆಯದು. 2009ರ ಡಿಸೆಂಬರಿನಲ್ಲಿ ಬಂದ ಥರ್ಟೀನ್ ನೋಡಲು ಕಣ್ಣಿಗೆ ಹಬ್ಬ. ಆಡಲು ಹೋದರೆ ಬಹುದೂರದವರೆಗೆ ಒಂದೇ ನೇರ ಓಣಿ. ಜನ ಗೊಣಗಿದರು. 2011ರಲ್ಲಿ ಬಂದ ಥರ್ಟೀನ್-ಟು ಆ ಗೊಣಗಾಟಕ್ಕೆ ಕೊಟ್ಟ ಉತ್ತರ: ಕಾಲದಲ್ಲಿ ಹಿಂದೆ ಮುಂದೆ ಹಾರಬಹುದು, ಮೃಗಗಳನ್ನು ಪಳಗಿಸಿ ಜತೆಗೆ ಕಾದಾಡಿಸಬಹುದು. ಆಟವಾಗಿ ಮೊದಲನೆಯದಕ್ಕಿಂತ ವಾಸಿ. ಕಥೆಯ ಕೊನೆಯಲ್ಲಿ ನಾಯಕಿ ಸೇರಾಳನ್ನು ಸಾಯಿಸಿ, ಮುಂದುವರಿಯಲಿದೆ ಎಂದು ಬರೆದು ಪರದೆ ಎಳೆದರು. ದುಡ್ಡು ಕೊಟ್ಟು ಕೊಂಡವನಿಗೆ ಅದಕ್ಕಿಂತ ದೊಡ್ಡ ಅಣಕ ಬೇಕಿರಲಿಲ್ಲ. 2013ರಲ್ಲಿ ‘ಲೈಟ್ನಿಂಗ್ ರಿಟರ್ನ್ಸ್’ ಬಂದು ಕಥೆ ಮುಗಿಸಿತು. ಅಷ್ಟರಲ್ಲಿ ಥರ್ಟೀನ್‌ನ ನಾಯಕಿ, ಗುಲಾಬಿ ಕೂದಲಿನ ಲೈಟ್ನಿಂಗ್ ಕಂಪನಿಯ ಕಣ್ಮಣಿಯಾಗಿದ್ದಳು. 2016ರಲ್ಲಿ ಲೂಯಿ ವಿಟಾನ್ ಜಾಹೀರಾತಿನಲ್ಲಿ ಕೈಚೀಲ ಹಿಡಿದು ನಿಂತಳು. ರೂಪದರ್ಶಿಯಾಗಿ ಅವಳು ಸೊಗಸು. ಮೂರು ಆಟಗಳ ಕಥೆ ಹೊರುವಷ್ಟು ಗಟ್ಟಿ ಪಾತ್ರವೇ? ಅಲ್ಲ ಎಂಬುದು ನನ್ನ ಅಭಿಪ್ರಾಯ. ಯೂನಾಳಿಗೆ ಬದುಕಲು ಕಲಿಯುವ ಕೆಲಸ ಬಾಕಿಯಿತ್ತು. ಲೈಟ್ನಿಂಗಳಿಗೆ ಬಾಕಿಯಿದ್ದದ್ದು ಬಿಡುಗಡೆಯ ದಿನಾಂಕಗಳು.

ಮುಂದುವರಿಸುವುದೇ ತಪ್ಪು ಎನ್ನುವವರಿಗೆ ಫಾಲ್ಕಂ ಕಂಪನಿಯ ‘ಟ್ರೇಲ್ಸ್’ ಸರಣಿ ಉತ್ತರ ಕೊಡುತ್ತದೆ. 2004ರಿಂದ ಒಂದೇ ಖಂಡ, ಒಂದು ದೇಶದ ಕಥೆ ಇನ್ನೊಂದು ದೇಶದ ಸುದ್ದಿಪತ್ರಿಕೆಯಲ್ಲಿ ಬರುತ್ತದೆ. ಹಳೆಯ ಪಾತ್ರಗಳು ವಯಸ್ಸಾಗಿ ಎದುರಾಗುತ್ತವೆ. ಅಲ್ಲಿ ಮುಂದುವರಿಕೆಯೇ ಒಪ್ಪಂದ, ಮೊದಲ ದಿನದಿಂದ ಎಲ್ಲರಿಗೂ ಗೊತ್ತು. ಫೈನಲ್ ಫ್ಯಾಂಟಸಿಯ ಒಪ್ಪಂದ ಬೇರೆಯಿತ್ತು.

ಈಚಿನ ಕಿತ್ತಾಟ ಇನ್ನೂ ನಾಜೂಕಿನದು. 1997ರ ಸೆವೆನ್‌ನಲ್ಲಿ ಏರಿತ್ ಎಂಬ ಹೂ ಮಾರುವ ಹುಡುಗಿಯ ಸಾವು ಒಂದು ತಲೆಮಾರನ್ನೇ ಅಳಿಸಿತ್ತು. 2020ರಲ್ಲಿ ‘ರೀಮೇಕ್’ ಎಂಬ ಹೆಸರಿನಲ್ಲಿ ಅದೇ ಕಥೆ ಮತ್ತೆ ಬಂತು. ಆದರೆ ಕಥೆ ಹಳೆಯ ಹಳಿ ತಪ್ಪಿದಾಗೆಲ್ಲ ಬೂದುಬಣ್ಣದ ಪ್ರೇತಗಳು ಬಂದು ಅದನ್ನು ಹಳಿಗೆ ತಳ್ಳುತ್ತವೆ. ಕೊನೆಗೆ ನಾಯಕರು ಆ ಪ್ರೇತಗಳನ್ನೇ ಸೋಲಿಸುತ್ತಾರೆ. ಅಂದರೆ ಇದು ಹಳೆಯ ಕಥೆಯ ಮರುನಿರ್ಮಾಣವೋ, ಹಳೆಯದು ನಡೆದುಹೋದ ನಂತರದ ಕಥೆಯೋ? 2024ರ ‘ರೀಬರ್ತ್’ ಬಂದ ಮೇಲೂ ಒಮ್ಮತವಿಲ್ಲ. ಸೀಕ್ವೆಲ್ ಎಂದು ಹೇಳದೆ ಸೀಕ್ವೆಲ್ ಮಾಡುವ ಈ ಚಾಣಾಕ್ಷತನ ನನಗೆ ಅಷ್ಟಾಗಿ ಹಿಡಿಸಿಲ್ಲ.

ಯೂನಾಳ ಕಡೆಗೆ ಬರೋಣ. 2013ರ ಕೊನೆಯಲ್ಲಿ ಎರಡೂ ಆಟಗಳನ್ನು ತಿದ್ದಿ ತೀಡಿ ಒಟ್ಟಿಗೆ ಮರುಬಿಡುಗಡೆ ಮಾಡಿದರು. ಅದರ ಜತೆಗೊಂದು ಧ್ವನಿನಾಟಕ, ಕಥೆಗಾರ ಕಾಜುಶಿಗೆ ನೊಜಿಮಾ ಬರೆದ ಒಂದು ಕಾದಂಬರಿ. ನಾಟಕದಲ್ಲಿ ಯೂನಾ–ಟೀಡಸ್ ದೂರವಾಗಿದ್ದಾರೆ, ಸಿನ್ ಮತ್ತೆ ಹುಟ್ಟಿದೆ. ಕಾದಂಬರಿಯಲ್ಲಿ ಟೀಡಸ್ ಚೆಂಡೆಂದುಕೊಂಡು ಬಾಂಬನ್ನು ಒದ್ದು ತಲೆ ಕಳೆದುಕೊಳ್ಳುತ್ತಾನೆ. ಉತ್ಪ್ರೇಕ್ಷೆಯಲ್ಲ, ಹಾಗೇ ಬರೆದಿದೆ. ಟೆನ್-ಟು ಬೈಯುವವರು, ಹೊಗಳುವವರು ಮೊದಲ ಸಲ ಒಂದಾಗಿ ತಲೆ ಚಚ್ಚಿಕೊಂಡರು. ಸಿನ್ ಮರಳಿದರೆ ಮೊದಲ ಆಟದ ತ್ಯಾಗ ವ್ಯರ್ಥ, ಇಬ್ಬರೂ ಅಗಲಿದರೆ ಎರಡನೆಯದರ ಹುಡುಕಾಟ ವ್ಯರ್ಥ. 2021ರಲ್ಲಿ, ಹತ್ತನೆಯ ಆಟಕ್ಕೆ ಇಪ್ಪತ್ತು ತುಂಬಿದಾಗ, ಟೆನ್-ತ್ರೀಗೆ ಕಥಾಸಾರಾಂಶ ಸಿದ್ಧವಿದೆ, ಸದ್ಯ ಮಲಗಿದೆ ಎಂದು ತಯಾರಕರೇ ಹೇಳಿದರು.

ಅದು ಮಲಗಿಯೇ ಇರಲಿ. ಸಿನ್ ಇಲ್ಲದ ಸ್ಪೈರಾದಲ್ಲಿ ಯೂನಾ ಕೇಳಬೇಕಾದ್ದನ್ನು ಟೆನ್-ಟುನಲ್ಲಿ ಕೇಳಿ ಮುಗಿಸಿದ್ದಾಳೆ. ಇನ್ನೂ ಆಡದವರಿಗೆ ಎರಡೂ ಆಟ ಒಂದೇ ಕಟ್ಟಿನಲ್ಲಿ ಪ್ಲೇಸ್ಟೇಷನ್ 4, ನಿಂಟೆಂಡೊ ಸ್ವಿಚ್, ಪಿಸಿ ಮೂರರಲ್ಲೂ ಸಿಗುತ್ತವೆ. ಮೊದಲನೆಯದು ಮುಗಿದ ರಾತ್ರಿಯೇ ಎರಡನೆಯದನ್ನು ಶುರುಮಾಡಬೇಡಿ, ಒಂದೆರಡು ತಿಂಗಳು ಬಿಡಿ. ಆ ಪಾಪ್ ಹಾಡನ್ನು ಸಹಿಸಿಕೊಳ್ಳಿ, ಕೋತಿಗಳಿಗೆ ಮದುವೆ ಮಾಡಿಸಿ. ಧ್ವನಿನಾಟಕವನ್ನು ಮಾತ್ರ ಕೇಳಬೇಡಿ.