ಗಿರಿಗೆ ಸೈಕಲ್ ಪ್ರವಾಸ: ಏರುವುದಕ್ಕಿಂತ ಇಳಿಯುವುದೇ ಕಠಿಣ

ಯಗಟಿ: ಬಯಲುಸೀಮೆಗೆ ಸೇರಿದ ಕಡೂರು ತಾಲ್ಲೂಕಿನ ಈ ಊರಿನಿಂದ ಪಶ್ಚಿಮಕ್ಕೆ ಬೀರೂರು, ಲಿಂಗದಹಳ್ಳಿ, ಕಲ್ಲತ್ತಿಗಿರಿ ಮಾರ್ಗವಾಗಿ ಸಾಗಿದರೆ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ ಸಿಗುತ್ತದೆ. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಂದರೆ ಸೈಕಲ್ ಸವಾರ ಹೆಚ್ಚುಕಡಿಮೆ 670 ಮೀಟರ್ ಏರಬೇಕು. ಇದರ ಬಹುಪಾಲು ಎದುರಾಗುವುದು ಲಿಂಗದಹಳ್ಳಿ ದಾಟಿದ ಬಳಿಕವೇ.

ಏರುವಾಗ ಕಡಿಮೆ ಗೇರ್ ಹಾಗೂ ತಾಳ್ಮೆ ಸಾಕು. ದಣಿದರೆ ಇಳಿದು ತಳ್ಳಬಹುದು. ಅಪಾಯವಿರುವುದು ಇಳಿಜಾರಿನಲ್ಲಿ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಚಕ್ರದ ರಿಮ್ ಕಾದು ಟ್ಯೂಬ್ ಒಡೆಯುವ ಸಂಭವವಿದೆ. ಎರಡೂ ಬ್ರೇಕ್‌ಗಳನ್ನು ಹಿಡಿದು ಬಿಡುತ್ತ, ತಿರುವಿಗೆ ಮುನ್ನವೇ ವೇಗ ತಗ್ಗಿಸಬೇಕು. ಮಳೆಗಾಲದಲ್ಲಿ ರಿಮ್ ಒದ್ದೆಯಾಗಿದ್ದರೆ ಸೈಕಲ್ ನಿಲ್ಲುವುದು ಮತ್ತಷ್ಟು ತಡ.

ಸನಿಹದ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದ ಮೂಲಕ ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಸಾಗಲು ಪರವಾನಗಿ ಬೇಕಿಲ್ಲ. ಕಾಡಿನ ಒಳದಾರಿ ಹಿಡಿಯಲು ಅನುಮತಿ ಕಡ್ಡಾಯ. ಸದ್ದಿಲ್ಲದೆ ಬರುವ ಸೈಕಲ್ ಆನೆಗೆ ಬೇಗನೆ ತಿಳಿಯದು. ತಿರುವಿನಾಚೆ ನಿಂತ ಆನೆ ಸವಾರನಿಗೂ ಕಾಣದು. ಆದ್ದರಿಂದ ಸೂರ್ಯಾಸ್ತಕ್ಕೆ ಮುನ್ನ ಘಟ್ಟ ಇಳಿದು ಮುಗಿಸುವಂತೆ ಹೊರಡುವ ವೇಳೆಯನ್ನು ಗೊತ್ತುಪಡಿಸಿಕೊಳ್ಳುವುದು ಕ್ಷೇಮ.